‘ಆರಾಮ ಅದೀನ್ರಿ’ ಎನ್ನುವ ಉತ್ತರ, ಅದರ ಕೆಳಗಿನ ಲೆಕ್ಕ: ಅರಿವಿನ ಆತ್ಮಗೌರವ, ಸುಪ್ತ ಆತ್ಮಗೌರವ

ಕೆಎಎಸ್, ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗೆ ಓದಲು ಗದಗ, ಹಾವೇರಿ, ಕೊಪ್ಪಳದ ಕಡೆಯಿಂದ ಬಂದು ಧಾರವಾಡದಲ್ಲಿ ರೂಮು ಹಿಡಿದವರಿಗೆ ಪಾಠದ ಜೊತೆಗೆ ಇನ್ನೊಂದು ಸರಕೂ ಧಾರಾಳವಾಗಿ ಸಿಗುತ್ತದೆ: ಸುಪ್ತಮನಸ್ಸನ್ನು ತಿದ್ದುವ ಉಪದೇಶ. ಕನ್ನಡಿ ಮುಂದೆ ನಿಂತು ‘ನಾನು ಗೆದ್ದೇ ಗೆಲ್ಲುತ್ತೇನೆ’ ಎಂದು ದಿನಾ ಹೇಳಿಕೊಳ್ಳಿ ಎನ್ನುವ ರೀಲ್ಸ್, ನಾಲ್ಕು ಪ್ರಶ್ನೆಗೆ ಉತ್ತರಿಸಿದರೆ ಒಳಮನಸ್ಸು ಬಿಚ್ಚಿ ತೋರಿಸುವ ಆನ್‌ಲೈನ್ ಟೆಸ್ಟು, ಒಂದು ದಿನದ ವ್ಯಕ್ತಿತ್ವ ವಿಕಸನ ಶಿಬಿರ. ಇವೆಲ್ಲವೂ ಒಂದೇ ನಂಬಿಕೆಯ ಮೇಲೆ ನಿಂತಿವೆ. ತನ್ನ ಬಗ್ಗೆ ಮನುಷ್ಯ ಬಾಯಿಬಿಟ್ಟು ಹೇಳುವುದು ಮೇಲಿನ ಪದರ, ನಿಜವಾದ ಅಭಿಪ್ರಾಯ ಕೆಳಗೆ ಅಡಗಿದೆ, ಅದನ್ನು ಬದಲಿಸಿದರೆ ಬದುಕೇ ಬದಲಾಗುತ್ತದೆ ಎಂಬ ನಂಬಿಕೆ.

ಮೂವತ್ತು ವರ್ಷಗಳ ಸಂಶೋಧನೆ ಈ ನಂಬಿಕೆಯ ಒಂದು ಭಾಗವನ್ನು ಒಪ್ಪುತ್ತದೆ. ನಾವು ಯೋಚಿಸಿ ಹೇಳುವ ಆತ್ಮಗೌರವವೂ ಯೋಚಿಸುವ ಮೊದಲೇ ಮೂಡುವ ಆತ್ಮಗೌರವವೂ ಒಂದೇ ಅಲ್ಲ. ಆದರೆ ಎರಡನೆಯದು ಮೊದಲನೆಯದಕ್ಕಿಂತ ‘ಹೆಚ್ಚು ನಿಜ’ ಎಂಬುದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. ಓದುವ ಹುಡುಗ ಹುಡುಗಿಯರ ಮೇಲೆ ಹಣೆಪಟ್ಟಿ ಹಚ್ಚುವವರು ಇದನ್ನು ಮರೆಯುತ್ತಾರೆ. ಪೆಟ್ಟು ಬೀಳುವುದು ಮಕ್ಕಳಿಗೆ.

ಆತ್ಮವಿಶ್ವಾಸ ಎಂದರೆ ಒಂದು ನಿರ್ದಿಷ್ಟ ಕೆಲಸ ನನ್ನ ಕೈಯಿಂದ ಆಗುತ್ತದೆ ಎಂಬ ಎಣಿಕೆ. ಆತ್ಮಗೌರವ ಎಂದರೆ ಮನುಷ್ಯನಾಗಿ ನನಗೆ ಬೆಲೆ ಇದೆ ಎಂಬ ಒಟ್ಟು ತೀರ್ಪು. ಗಣಿತದಲ್ಲಿ ಹಿಂದೆ ಬಿದ್ದವಳಿಗೂ ತನ್ನ ಬಗ್ಗೆ ಗೌರವ ಇರಬಹುದು, ತಾಲ್ಲೂಕಿಗೆ ಮೊದಲು ಬಂದವನಿಗೆ ಅದು ಇಲ್ಲದಿರಲೂಬಹುದು. ಈ ಲೇಖನ ಆತ್ಮಗೌರವದ ಬಗ್ಗೆ. 1995ರಲ್ಲಿ ಮನೋವಿಜ್ಞಾನಿಗಳಾದ ಆಂಥನಿ ಗ್ರೀನ್‌ವಾಲ್ಡ್ ಮತ್ತು ಸಿಕಂದರಾಬಾದಿನಲ್ಲಿ ಬೆಳೆದ ಮಹಜರೀನ್ ಬಾನಾಜಿ ಬರೆದ ಪ್ರಬಂಧವೊಂದು ಅದರ ಎರಡು ಬಗೆಯನ್ನು ಸ್ಪಷ್ಟವಾಗಿ ಬೇರ್ಪಡಿಸಿತು. ಅವನ್ನಿಲ್ಲಿ ಅರಿವಿನ ಆತ್ಮಗೌರವ, ಸುಪ್ತ ಆತ್ಮಗೌರವ ಎಂದು ಕರೆಯೋಣ.

ಹೇಳಿದ್ದನ್ನು ಅಳೆಯುವುದು

ಅರಿವಿನ ಆತ್ಮಗೌರವಕ್ಕೆ ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಸಾಧನ ಮಾರಿಸ್ ರೋಸೆನ್‌ಬರ್ಗ್ 1965ರಲ್ಲಿ ಪ್ರಕಟಿಸಿದ ಮಾಪನ. ಹತ್ತು ವಾಕ್ಯಗಳು, ಐದು ತನ್ನ ಬಗ್ಗೆ ಒಳ್ಳೆಯದನ್ನು ಹೇಳುತ್ತವೆ, ಐದು ಕೆಟ್ಟದ್ದನ್ನು. ಪ್ರತಿಯೊಂದಕ್ಕೂ ‘ಪೂರ್ತಿ ಒಪ್ಪುತ್ತೇನೆ’ಯಿಂದ ‘ಸುತರಾಂ ಒಪ್ಪುವುದಿಲ್ಲ’ದವರೆಗೆ ನಾಲ್ಕು ಆಯ್ಕೆ. ಒಳ್ಳೆಯ ವಾಕ್ಯಕ್ಕೆ 3, 2, 1, 0 ಎಂದೂ ಕೆಟ್ಟ ವಾಕ್ಯಕ್ಕೆ 0, 1, 2, 3 ಎಂದೂ ಅಂಕ ಹಾಕಬೇಕು. ಒಟ್ಟು 0ರಿಂದ 30.

ಕಾಲೇಜುಗಳಲ್ಲಿ ಇದನ್ನು ತುಂಬಿಸುವಾಗ ಆಗುವ ಮೊದಲ ಎಡವಟ್ಟು ಕೆಟ್ಟ ವಾಕ್ಯಗಳ ಅಂಕವನ್ನು ತಿರುಗಿಸದೇ ಕೂಡಿಸುವುದು. ಹಾಗೆ ಮಾಡಿದರೆ 30 ಬರಬೇಕಾದವನಿಗೂ 15, ಸೊನ್ನೆ ಬರಬೇಕಾದವನಿಗೂ 15. ಇಡೀ ತರಗತಿ ಮಧ್ಯದಲ್ಲಿ ಬಂದು ನಿಲ್ಲುತ್ತದೆ, ‘ನಮ್ಮಲ್ಲಿ ಯಾರಿಗೂ ಸಮಸ್ಯೆ ಇಲ್ಲ’ ಎಂಬ ವರದಿ ಹೋಗುತ್ತದೆ.

ಎರಡನೆಯ ತೊಡಕು ವಾಕ್ಯದ್ದು. ‘ನನ್ನಲ್ಲಿ ಹೆಮ್ಮೆ ಪಡುವಂಥದ್ದು ಹೆಚ್ಚೇನೂ ಇಲ್ಲ’ ಎಂಬುದಕ್ಕೆ ‘ಒಪ್ಪುವುದಿಲ್ಲ’ ಎಂದು ಗುರುತು ಹಾಕಬೇಕಾದರೆ ಎರಡು ‘ಇಲ್ಲ’ಗಳನ್ನು ಮನಸ್ಸಿನಲ್ಲೇ ಬಿಡಿಸಬೇಕು. ಅವಸರದಲ್ಲಿ ತುಂಬುವ ಪಿಯು ವಿದ್ಯಾರ್ಥಿ ಅಲ್ಲಿ ತಪ್ಪುತ್ತಾನೆ. ಡೇವಿಡ್ ಶ್ಮಿಟ್ ಮತ್ತು ಯೂರಿ ಅಲಿಕ್ 53 ದೇಶಗಳ ಉತ್ತರಗಳನ್ನು 2005ರಲ್ಲಿ ಹೋಲಿಸಿದಾಗಲೂ ಈ ಋಣಾತ್ಮಕ ವಾಕ್ಯಗಳನ್ನು ಎಲ್ಲ ಕಡೆ ಒಂದೇ ರೀತಿ ಅರ್ಥ ಮಾಡಿಕೊಳ್ಳುವುದಿಲ್ಲ ಎಂಬುದು ಕಂಡಿತು. ಎಂಟನೆಯ ವಾಕ್ಯವಂತೂ ನಮ್ಮಲ್ಲಿ ಪೂರ್ತಿ ಕೈಕೊಡುತ್ತದೆ. ನನ್ನ ಬಗ್ಗೆ ನನಗೆ ಇನ್ನಷ್ಟು ಗೌರವ ಇದ್ದಿದ್ದರೆ ಚೆನ್ನಾಗಿತ್ತು ಎನ್ನುವ ಆ ವಾಕ್ಯವನ್ನು ಒಪ್ಪಿದರೆ ಅಂಕ ಇಳಿಯುತ್ತದೆ. ನಮ್ಮ ಹುಡುಗರು ಅದನ್ನು ಮೇಲೇರುವ ಹಂಬಲ ಎಂದು ಓದಿ ಖುಷಿಯಿಂದ ಒಪ್ಪುತ್ತಾರೆ.

ಮೂರನೆಯದು ವಿನಯ. ‘ನಾ ಶ್ಯಾಣ್ಯಾ ಅದೀನಿ’ ಎಂದು ತಾನೇ ಹೇಳಿಕೊಳ್ಳುವವನನ್ನು ಈ ಭಾಗದಲ್ಲಿ ಯಾರೂ ಮೆಚ್ಚುವುದಿಲ್ಲ. ಮಾಸ್ತರು ಎದುರಿಗೆ ನಿಂತು, ಹಾಳೆಯ ಮೇಲೆ ಹೆಸರು ಬರೆಸಿ ತುಂಬಿಸಿದರೆ ಅಳತೆಗೆ ಸಿಗುವುದು ಆತ್ಮಗೌರವದಷ್ಟೇ ಶಿಷ್ಟಾಚಾರವೂ ಹೌದು. ಹೆಸರಿಲ್ಲದ ಹಾಳೆ, ಮುಚ್ಚಿದ ಡಬ್ಬಿ, ತುಂಬುವಾಗ ಪರಿಚಿತ ಶಿಕ್ಷಕರು ಹೊರಗೆ. ಇಷ್ಟು ಮಾಡಿದರೂ ಸಾಕಷ್ಟು ಫರಕು ಬೀಳುತ್ತದೆ.

ಹೇಳದ್ದನ್ನು ಅಳೆಯುವುದು

ಸುಪ್ತ ಆತ್ಮಗೌರವವನ್ನು ಕೇಳಿ ತಿಳಿಯಲಾಗದು. ಅದಕ್ಕೆ ಹೆಚ್ಚು ಬಳಕೆಯಾಗಿರುವುದು ಎರಡು ದಾರಿ.

ಒಂದು, ಗ್ರೀನ್‌ವಾಲ್ಡ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಐಎಟಿ (ಇಂಪ್ಲಿಸಿಟ್ ಅಸೋಸಿಯೇಷನ್ ಟೆಸ್ಟ್) ಎಂಬ ಪರೀಕ್ಷೆ. ಆತ್ಮಗೌರವಕ್ಕೆ ಅದನ್ನು 2000ದಲ್ಲಿ ಹೊಂದಿಸಿದರು. ಕಂಪ್ಯೂಟರ್ ಪರದೆಯ ಮೇಲೆ ಒಂದೊಂದೇ ಪದ ಬರುತ್ತದೆ. ಅದು ‘ನಾನು’ ಗುಂಪಿಗೆ ಸೇರಿದ್ದೋ ‘ಇತರರು’ ಗುಂಪಿಗೋ, ಹಿತದ ಪದವೋ ಅಹಿತದ ಪದವೋ ಎಂದು ಎಡಗೈಯ ಒಂದು ಕೀ, ಬಲಗೈಯ ಒಂದು ಕೀ ಒತ್ತಿ ವಿಂಗಡಿಸಬೇಕು. ಒಟ್ಟು ಏಳು ಸುತ್ತು. ಮುಖ್ಯವಾದ ಸುತ್ತುಗಳಲ್ಲಿ ಒಮ್ಮೆ ‘ನಾನು’ ಮತ್ತು ಹಿತದ ಪದಗಳಿಗೆ ಒಂದೇ ಕೀ, ಇನ್ನೊಮ್ಮೆ ‘ನಾನು’ ಮತ್ತು ಅಹಿತದ ಪದಗಳಿಗೆ ಒಂದೇ ಕೀ. ಮೊದಲ ಜೋಡಿಯಲ್ಲಿ ಬೆರಳು ಎಷ್ಟು ಚುರುಕು, ಎರಡನೆಯದರಲ್ಲಿ ಎಷ್ಟು ತಡ ಎಂಬ ವ್ಯತ್ಯಾಸವೇ ಅಂಕ. ಈ ವ್ಯತ್ಯಾಸವನ್ನು ಆ ವ್ಯಕ್ತಿಯದೇ ವೇಗದ ಏರಿಳಿತದಿಂದ ಭಾಗಿಸುತ್ತಾರೆ. ಇಲ್ಲದಿದ್ದರೆ ನಿಧಾನ ಬೆರಳಿನವರ ಅಂಕ ಸುಮ್ಮನೆ ಉಬ್ಬುತ್ತದೆ. 2003ರ ನಿಯಮದ ಪ್ರಕಾರ 10 ಸೆಕೆಂಡು ಮೀರಿದ ಉತ್ತರಗಳನ್ನು ತೆಗೆದುಹಾಕುತ್ತಾರೆ, ಹತ್ತರಲ್ಲಿ ಒಂದಕ್ಕಿಂತ ಹೆಚ್ಚು ಉತ್ತರಗಳನ್ನು 300 ಮಿಲಿಸೆಕೆಂಡಿನೊಳಗೆ ಒತ್ತಿದವರನ್ನೇ ಲೆಕ್ಕದಿಂದ ಬಿಡುತ್ತಾರೆ. ಅವರು ಪದ ಓದದೇ ಕೀ ಬಡಿದವರು.

ಈ ಅಂಕ ‘ಇತರರಿಗೆ ಹೋಲಿಸಿದರೆ ನಾನು’ ಎಂಬುದರ ಅಂಕ ಎನ್ನುವುದನ್ನು ಮರೆಯಬಾರದು. ‘ಇತರರು’ ಎಂದಾಗ ಯಾರು ಮನಸ್ಸಿಗೆ ಬರುತ್ತಾರೆ ಎಂಬುದರ ಮೇಲೆ ಫಲಿತಾಂಶ ಬದಲಾಗುತ್ತದೆ ಎಂದು ಆಂಡ್ರ್ಯೂ ಕಾರ್ಪಿನ್‌ಸ್ಕಿ 2004ರಲ್ಲಿ ತೋರಿಸಿದರು. ಕನ್ನಡದಲ್ಲಿ ಈ ಕಷ್ಟ ಇನ್ನೂ ಹೆಚ್ಚು. ‘ಅವರು’ ಎಂದು ಪರದೆಯ ಮೇಲೆ ಹಾಕಿದರೆ ಓದುವವನಿಗೆ ಅಪ್ಪ, ಮಾಸ್ತರು, ಸಾಹೇಬರು ನೆನಪಾಗುತ್ತಾರೆ, ಏಕೆಂದರೆ ಓರಗೆಯವನನ್ನು ಈ ಕಡೆ ‘ಅಂವ’ ಎನ್ನುತ್ತೇವೆ. ಗೌರವ ಹೊತ್ತ ಪದವೇ ‘ಇತರರ’ ಗುಂಪಿಗೆ ಹೋದರೆ ‘ನಾನು’ ಮೊದಲೇ ಹಿಂದೆ ಬೀಳುತ್ತದೆ. ಇಂಗ್ಲಿಷ್ ಪದಪಟ್ಟಿಯನ್ನು ಹಾಗೇ ಕನ್ನಡಕ್ಕಿಳಿಸಿ ನಡೆಸಿದ ಪರೀಕ್ಷೆಯ ಫಲಿತಾಂಶವನ್ನು ಈ ಒಂದೇ ಕಾರಣಕ್ಕೆ ಬದಿಗಿಡಬೇಕಾಗುತ್ತದೆ.

ಇನ್ನೊಂದು ದಾರಿ ಹೆಸರಿನ ಅಕ್ಷರ. ತಮ್ಮ ಹೆಸರಿನಲ್ಲಿರುವ ಅಕ್ಷರಗಳು ಬೇರೆಯವಕ್ಕಿಂತ ಚಂದ ಎಂದು ಜನರಿಗೆ ಅನ್ನಿಸುತ್ತದೆ, ಏಕೆ ಎಂದು ಅವರಿಗೇ ಗೊತ್ತಿರುವುದಿಲ್ಲ. ಬೆಲ್ಜಿಯಂನ ಯೋಸೆಫ್ ನುಟಿನ್ 1985ರಲ್ಲಿ ಇದನ್ನು ವರದಿ ಮಾಡಿದರು; ಎರಡು ವರ್ಷದ ನಂತರ ಯುರೋಪಿನ ಹನ್ನೆರಡು ಭಾಷೆಗಳಲ್ಲಿ ತೋರಿಸಿದರು. ಮಾಡುವ ವಿಧಾನ ಸುಲಭ: ಪ್ರತಿ ಅಕ್ಷರಕ್ಕೂ ‘ಎಷ್ಟು ಇಷ್ಟ’ ಎಂದು ಅಂಕ ಹಾಕಿಸಿ, ಆ ಅಕ್ಷರ ಹೆಸರಿನಲ್ಲಿ ಇಲ್ಲದವರು ಕೊಟ್ಟ ಸರಾಸರಿಯನ್ನು ಅದರಿಂದ ಕಳೆಯಬೇಕು. ಕಳೆಯದಿದ್ದರೆ ಲೆಕ್ಕ ಕೆಡುತ್ತದೆ. ‘ಠ’, ‘ಝ’, ‘ಋ’ಗಳಿಗೆ ಯಾರೂ ಹೆಚ್ಚು ಅಂಕ ಕೊಡುವುದಿಲ್ಲ, ‘ಮ’, ‘ಸ’ಗಳಿಗೆ ಎಲ್ಲರೂ ಕೊಡುತ್ತಾರೆ. ನಮ್ಮಲ್ಲಿ ಇನ್ನೊಂದು ಎಚ್ಚರವೂ ಬೇಕು. ಹೆಸರು ಕನ್ನಡದಲ್ಲಿ ಬಸವರಾಜ, ಸಹಿ ಇಂಗ್ಲಿಷಿನ ಮೂರು ಇನಿಷಿಯಲ್ಲು, ಗೆಳೆಯರ ಬಾಯಲ್ಲಿ ಬಸ್ಯಾ. ಮನಸ್ಸು ‘ನನ್ನದು’ ಎಂದು ಹಿಡಿದಿರುವ ಅಕ್ಷರ ಇವುಗಳಲ್ಲಿ ಯಾವುದು ಎಂದು ನೋಡದೇ ಅಳೆದರೆ ಪ್ರಯೋಜನವಿಲ್ಲ.

ಎರಡರ ನಡುವೆ ಎಷ್ಟು ನಂಟು

ನಂಟು ಬಹಳ ಸಡಿಲ. ಆತ್ಮಗೌರವವಷ್ಟೇ ಅಲ್ಲ, ಎಲ್ಲ ಬಗೆಯ ಮನೋಭಾವಗಳ ಮೇಲಿನ 126 ಅಧ್ಯಯನಗಳನ್ನು ವಿಲ್ಹೆಲ್ಮ್ ಹಾಫ್‌ಮನ್ ಮತ್ತು ಸಂಗಡಿಗರು 2005ರಲ್ಲಿ ಒಟ್ಟುಗೂಡಿಸಿದಾಗ ಐಎಟಿಗೂ ಬಾಯಿಮಾತಿಗೂ ಸಿಕ್ಕ ಸರಾಸರಿ ಸಹಸಂಬಂಧ 0.24. ಒಂದರಿಂದ ಇನ್ನೊಂದರ ವ್ಯತ್ಯಾಸದಲ್ಲಿ ನೂರಕ್ಕೆ ಆರರಷ್ಟನ್ನು ಮಾತ್ರ ಊಹಿಸಬಹುದು ಎಂದು ಅದರ ಅರ್ಥ. ಆತ್ಮಗೌರವದಲ್ಲಿ ಈ ನಂಟು ಇನ್ನೂ ಕ್ಷೀಣ.

ಇದನ್ನು ಕೇಳಿದೊಡನೆ ‘ನೋಡಿದ್ರಾ, ಬಾಯಿ ಹೇಳೂದೊಂದು, ಮನಸ್ಸು ಹೇಳೂದೊಂದು’ ಎನ್ನಲು ಮನಸ್ಸಾಗುತ್ತದೆ. ಅದಕ್ಕೂ ಮೊದಲು ಜೆನಿಫರ್ ಬಾಸನ್, ವಿಲಿಯಂ ಸ್ವಾನ್, ಜೇಮ್ಸ್ ಪೆನ್ನೆಬೇಕರ್ 2000ದಲ್ಲಿ ಮಾಡಿದ ಕೆಲಸ ನೋಡಬೇಕು. ಸುಪ್ತ ಆತ್ಮಗೌರವವನ್ನು ಅಳೆಯುತ್ತೇವೆ ಎನ್ನುವ ಏಳು ಸಾಧನಗಳನ್ನು ಅವರು ಒಂದೇ ಗುಂಪಿನ ಮೇಲೆ ಪ್ರಯೋಗಿಸಿದರು. ಆ ಏಳು ಒಂದಕ್ಕೊಂದು ಹೊಂದಲಿಲ್ಲ. ಐಎಟಿಯಲ್ಲಿ ಮೇಲೆ ಬಂದವನು ಹೆಸರಿನ ಅಕ್ಷರದಲ್ಲೂ ಮೇಲೆ ಬರುತ್ತಾನೆ ಎನ್ನುವ ಖಾತ್ರಿ ಇರಲಿಲ್ಲ. ಸುಪ್ತ ಅಳತೆಗಳೇ ತಮ್ಮತಮ್ಮಲ್ಲಿ ಒಪ್ಪದಿರುವಾಗ ಬಾಯಿಮಾತಿಗೂ ಅವಕ್ಕೂ ನಡುವಿನ ಅಂತರವನ್ನು ‘ಮುಖವಾಡ’ ಎನ್ನಲು ಹೇಗೆ ಬರುತ್ತದೆ? 2011ರಲ್ಲಿ ಮೈಕೆಲ್ ಬರ್ಮಿಸ್ಟರ್, ಹಾರ್ಟ್ ಬ್ಲಾಂಟನ್ ಮತ್ತು ಸ್ವಾನ್ ಒಟ್ಟು ಸಾಕ್ಷ್ಯವನ್ನು ತೂಗಿ, ಹೆಚ್ಚು ಬಳಕೆಯ ಈ ಎರಡೂ ಸಾಧನಗಳು ಸುಪ್ತ ಆತ್ಮಗೌರವವನ್ನೇ ಅಳೆಯುತ್ತವೆ ಎಂಬುದಕ್ಕೆ ಸಾಕಷ್ಟು ಆಧಾರವಿಲ್ಲ ಎಂದರು. ನಮ್ಮ ತೂಕವೂ ಆ ಕಡೆಗೇ.

ಹಾಗೆಂದು ಸುಪ್ತ ಆತ್ಮಗೌರವ ಎಂಬುದೇ ಸುಳ್ಳು ಎಂದಲ್ಲ. ಎರಡು ಪ್ರಯೋಗಗಳು ಬೇರೆಯೇ ದಾರಿ ತೋರಿಸುತ್ತವೆ, ಈ ಇಡೀ ವಿಷಯದಲ್ಲಿ ನಮಗೆ ಅತ್ಯಂತ ಬೆಲೆಯುಳ್ಳವೆನಿಸುವುದೂ ಅವೇ. ಸಾಂಡರ್ ಕೂಲೆ ಮತ್ತು ಸಂಗಡಿಗರು 2001ರಲ್ಲಿ, ಜನ ತಮ್ಮ ಬಗ್ಗೆ ಅವಸರದಲ್ಲಿ ಅಥವಾ ತಲೆಯಲ್ಲಿ ಬೇರೆ ಹೊರೆ ಇಟ್ಟುಕೊಂಡು ಉತ್ತರಿಸಿದಾಗ ಆ ಉತ್ತರ ಹೆಸರಿನ ಅಕ್ಷರದ ಅಂಕಕ್ಕೆ ಹತ್ತಿರ ಬರುತ್ತದೆ ಎಂದು ತೋರಿಸಿದರು. ಮೈಕೆಲ್ ಓಲ್ಸನ್, ರಸೆಲ್ ಫೇಜಿಯೊ ಮತ್ತು ಆಂಥನಿ ಹರ್ಮನ್ 2007ರಲ್ಲಿ, ತಮ್ಮ ಬಗ್ಗೆ ಉತ್ಪ್ರೇಕ್ಷೆ ಮಾಡದೆ ಪ್ರಾಮಾಣಿಕವಾಗಿ ಉತ್ತರಿಸಿ ಎಂದು ಒತ್ತಿ ಹೇಳಿದಾಗ ಎರಡು ಅಳತೆಗಳ ಅಂತರ ಕಡಿಮೆಯಾಗುವುದನ್ನು ಕಂಡರು. ಅಂದರೆ ಅಂತರದ ಒಂದು ಪಾಲು ಹುಟ್ಟುವುದು ಉತ್ತರಿಸುವ ಹೊತ್ತಿನಲ್ಲಿ: ಎಷ್ಟು ಸಮಯವಿದೆ, ಯಾರು ಕೇಳುತ್ತಿದ್ದಾರೆ, ಹೇಗೆ ಕಾಣಿಸಿಕೊಳ್ಳಬೇಕು. ಮನಸ್ಸಿನಲ್ಲಿ ಥಟ್ಟನೆ ಒಂದು ಭಾವ ಏಳುತ್ತದೆ. ಪುರುಸೊತ್ತು ಇದ್ದರೆ ಅದನ್ನು ನಾವು ಒಪ್ಪುತ್ತೇವೆ, ತಿದ್ದುತ್ತೇವೆ, ಇಲ್ಲವೇ ತಳ್ಳಿಹಾಕುತ್ತೇವೆ. ಹಾಗೆ ತಿದ್ದುವುದೂ ನಮ್ಮದೇ ಮನಸ್ಸಿನ ಕೆಲಸ. ಅದನ್ನು ನಟನೆ ಎಂದು ಕರೆಯುವುದು ಅನ್ಯಾಯ.

ವಿನಯದ ಪ್ರಶ್ನೆಗೂ ಇಲ್ಲಿ ಉತ್ತರವಿದೆ. ಸುಸುಮು ಯಮಗುಚಿ ಮತ್ತು ಸಂಗಡಿಗರು 2007ರಲ್ಲಿ ಜಪಾನ್, ಚೀನಾ, ಅಮೆರಿಕದ ವಿದ್ಯಾರ್ಥಿಗಳನ್ನು ಹೋಲಿಸಿದರು. ಪ್ರಶ್ನಾವಳಿಗಳಲ್ಲಿ ತಮ್ಮನ್ನು ಕಡಿಮೆ ತೋರಿಸಿಕೊಳ್ಳುವ ಜಪಾನಿನವರ ಸುಪ್ತ ಅಂಕ ಉಳಿದವರಷ್ಟೇ ಧನಾತ್ಮಕವಾಗಿತ್ತು. ‘ನಂದೇನ್ ದೊಡ್ಡದಲ್ರಿ’ ಎನ್ನುವ ಹಿರೇಕೆರೂರಿನ ಹುಡುಗಿಯನ್ನು ಕೀಳರಿಮೆಯ ಪಟ್ಟಿಗೆ ಸೇರಿಸುವ ಮುನ್ನ ಇದನ್ನು ನೆನೆಯಬೇಕು.

ಸೊಕ್ಕಿನ ಹಿಂದೆ ಅಳುಕು ಇದೆಯೇ

ಮೇಲೆ ಜಂಬ, ಒಳಗೆ ಅಂಜಿಕೆ ಎಂಬುದು ಜನಪ್ರಿಯ ಸಿದ್ಧಾಂತ. ಕ್ರಿಶ್ಚಿಯನ್ ಜೋರ್ಡನ್ ಮತ್ತು ಸಂಗಡಿಗರ 2003ರ ಅಧ್ಯಯನ ಇದಕ್ಕೆ ಬಲ ಕೊಟ್ಟಿತು. ಅರಿವಿನಲ್ಲಿ ಹೆಚ್ಚು, ಸುಪ್ತದಲ್ಲಿ ಕಡಿಮೆ ಇದ್ದವರಲ್ಲಿ ಆತ್ಮಮೋಹವೂ ತಮ್ಮ ಗುಂಪಿನ ಪಕ್ಷಪಾತವೂ ಹೆಚ್ಚಿದ್ದವು. ಆದರೆ 2008ರಲ್ಲಿ ಬಾಸನ್ ಮತ್ತು ಸಂಗಡಿಗರು ಇಂಥ ಅಧ್ಯಯನಗಳನ್ನೆಲ್ಲ ಸೇರಿಸಿ ನೋಡಿದಾಗ ಆ ಸಂಬಂಧ ಉಳಿಯಲಿಲ್ಲ. ಕೀತ್ ಕ್ಯಾಂಪ್‌ಬೆಲ್ ತಂಡ 2007ರಲ್ಲಿ ಕಂಡಂತೆ, ಆತ್ಮಮೋಹಿಗಳು ಸಾಮರ್ಥ್ಯ, ಮೇಲುಗೈಗಳ ವಿಷಯದಲ್ಲಿ ಸುಪ್ತವಾಗಿಯೂ ತಮ್ಮನ್ನು ಮೆಚ್ಚಿಕೊಂಡಿದ್ದರು. ಕರುಣೆ, ಸ್ನೇಹದಂಥ ಗುಣಗಳಲ್ಲಿ ಆ ಮೆಚ್ಚುಗೆ ಕಾಣಲಿಲ್ಲ. ಕ್ಲಾಸಿನಲ್ಲಿ ಎಲ್ಲರ ಮೇಲೆ ಜೋರು ಮಾಡುವವನನ್ನು ಕಂಡು ‘ಪಾಪ, ಒಳಗ ಭಾಳ ನೊಂದಾನ’ ಎಂದು ತೀರ್ಮಾನಿಸುವುದು ಊಹೆಯಷ್ಟೇ.

ಏರಿಳಿತವನ್ನು ನೋಡಿ

ಶಿಕ್ಷಕರಿಗೆ, ಹಾಸ್ಟೆಲ್ ವಾರ್ಡನ್‌ಗಳಿಗೆ ಐಎಟಿಗಿಂತ ಉಪಯೋಗದ ಸಾಧನ ಬೇರೊಂದಿದೆ. ಮೈಕೆಲ್ ಕರ್ನಿಸ್ ಎತ್ತಿದ ಪ್ರಶ್ನೆ ಇದು: ಆತ್ಮಗೌರವ ಎಷ್ಟಿದೆ ಎಂಬುದಲ್ಲದೆ ದಿನದಿಂದ ದಿನಕ್ಕೆ ಎಷ್ಟು ಏರಿಳಿಯುತ್ತದೆ? ಅದೇ ಹತ್ತು ವಾಕ್ಯಗಳನ್ನು ‘ಸಾಮಾನ್ಯವಾಗಿ’ ಎನ್ನುವ ಬದಲು ‘ಈ ಕ್ಷಣದಲ್ಲಿ’ ಎಂದು ಬದಲಿಸಿ, ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ, ನಾಲ್ಕೈದು ದಿನ ತುಂಬಿಸುವುದು. ಐದು ದಿನಕ್ಕೆ ಹತ್ತು ಅಂಕ ಸಿಗುತ್ತವೆ. ಇಬ್ಬರು ವಿದ್ಯಾರ್ಥಿಗಳಿದ್ದಾರೆ ಎಂದುಕೊಳ್ಳಿ, ಇಬ್ಬರ ಸರಾಸರಿಯೂ 20. ಒಬ್ಬನ ಅಂಕ 19ರಿಂದ 21ರೊಳಗೇ ಇದೆ. ಇನ್ನೊಬ್ಬನದು ಬೆಳಿಗ್ಗೆ 27, ಮಾಕ್ ಟೆಸ್ಟ್ ಮುಗಿದ ರಾತ್ರಿ 13. ಒಂದೇ ಸಲ ತುಂಬಿಸಿದ್ದರೆ ಈ ಇಬ್ಬರೂ ಒಂದೇ ಥರ ಕಾಣಬಹುದಿತ್ತು. 1989ರ ಅಧ್ಯಯನದಲ್ಲಿ ಕರ್ನಿಸ್ ಮತ್ತು ಸಂಗಡಿಗರು ಕಂಡದ್ದು, ಸಿಟ್ಟು ಮತ್ತು ಹಗೆ ಅತಿ ಹೆಚ್ಚಿದ್ದದ್ದು ಮಟ್ಟ ಎತ್ತರವಿದ್ದೂ ಸ್ಥಿರವಿಲ್ಲದವರಲ್ಲಿ. ಎತ್ತರವೂ ಸ್ಥಿರವೂ ಆಗಿದ್ದವರಲ್ಲಿ ಅತಿ ಕಡಿಮೆ.

ಹಾಳೆ ತುಂಬಿದವನ ಬಳಿಯೇ ಇರಲಿ. ಅಂಕದ ಪಕ್ಕದಲ್ಲಿ ಆ ದಿನ ಏನಾಯಿತು ಎಂದು ಒಂದು ಸಾಲು ಬರೆದರೆ, ತನ್ನ ಬೆಲೆಯನ್ನು ತಾನು ಯಾವ ಗೂಟಕ್ಕೆ ಕಟ್ಟಿದ್ದೇನೆ ಎಂದು ಅವನಿಗೇ ಕಾಣುತ್ತದೆ. ಇದನ್ನು ಇನ್ನಷ್ಟು ಬಿಡಿಸಿದವರು ಜೆನಿಫರ್ ಕ್ರಾಕರ್. ಸ್ನಾತಕೋತ್ತರ ಪ್ರವೇಶಕ್ಕೆ ಅರ್ಜಿ ಹಾಕಿದ ವಿದ್ಯಾರ್ಥಿಗಳನ್ನು ಹಿಂಬಾಲಿಸಿದ 2002ರ ಅಧ್ಯಯನದಲ್ಲಿ, ಓದನ್ನೇ ತಮ್ಮ ಬೆಲೆಗೆ ಆಧಾರ ಮಾಡಿಕೊಂಡವರ ಆತ್ಮಗೌರವ ಸೀಟು ಸಿಕ್ಕ ದಿನ ಹೆಚ್ಚು ಏರಿತ್ತು, ತಿರಸ್ಕಾರದ ಪತ್ರ ಬಂದ ದಿನ ಹೆಚ್ಚು ಕುಸಿದಿತ್ತು.

ಧಾರವಾಡದ ಸಂಕಟವನ್ನು ಇದರ ಪಕ್ಕ ಇಟ್ಟು ನೋಡಿ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ನಡೆದ ಪರೀಕ್ಷೆ ಅಕ್ರಮದ ಕಾರಣಕ್ಕೆ 2022ರಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ತನ್ನ ಬೆಲೆಯನ್ನೆಲ್ಲ ಆ ಒಂದು ಫಲಿತಾಂಶಕ್ಕೆ ಕಟ್ಟಿಕೊಂಡವನಿಗೆ ಆ ಎರಡು ವರ್ಷ ಪಾಸೂ ಇಲ್ಲ, ನಪಾಸೂ ಇಲ್ಲ. ಯಶಸ್ಸನ್ನು ನಿರೀಕ್ಷೆಯಿಂದ ಭಾಗಿಸಿದರೆ ಬರುವುದೇ ಆತ್ಮಗೌರವ ಎಂದು ವಿಲಿಯಂ ಜೇಮ್ಸ್ 1890ರಲ್ಲಿ ಬರೆದಿದ್ದರು. ಇಲ್ಲಿ ಕೆಳಗಿನ ಸಂಖ್ಯೆ ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ, ಮೇಲಿನದು ನಿಂತಲ್ಲೇ ನಿಲ್ಲುತ್ತದೆ. ಇಂಥವನಿಗೆ ‘ಸುಪ್ತಮನಸ್ಸು ಸರಿಯಿಲ್ಲ’ ಎಂದು ಹೇಳುವುದು ವ್ಯವಸ್ಥೆಯ ತಪ್ಪನ್ನು ಅವನ ತಲೆಯೊಳಗೆ ತುರುಕಿದಂತೆ.

ಏನು ಮಾಡಿದರೆ ಏನಾಗುತ್ತದೆ

ಕನ್ನಡಿಯ ಮುಂದಿನ ಮಂತ್ರವನ್ನು ಜೋವಾನ್ ವುಡ್ ತಂಡ 2009ರಲ್ಲಿ ಪರೀಕ್ಷಿಸಿತು. ‘ನಾನು ಪ್ರೀತಿಗೆ ಅರ್ಹ’ ಎಂಬ ಅರ್ಥದ ವಾಕ್ಯವನ್ನು ಮತ್ತೆ ಮತ್ತೆ ಹೇಳಿಕೊಂಡಾಗ, ಮೊದಲೇ ಆತ್ಮಗೌರವ ಚೆನ್ನಾಗಿದ್ದವರಿಗೆ ಅಲ್ಪ ಲಾಭವಾಯಿತು. ಕಡಿಮೆಯಿದ್ದವರಿಗೆ ಇನ್ನಷ್ಟು ಬೇಸರವಾಯಿತು. 2020ರಲ್ಲಿ ಪ್ರಕಟವಾದ ಮರುಪರೀಕ್ಷೆಯಲ್ಲಿ ಈ ಹಾನಿ ಮತ್ತೆ ಕಾಣಲಿಲ್ಲ. ಹಾನಿಯ ಮಾತು ಬಿಟ್ಟರೂ, ಯಾರಿಗೆ ಬೇಕೋ ಅವರಿಗೆ ಈ ಮಂತ್ರ ನಾಟುತ್ತದೆ ಎಂದು ಹಣ ಪಡೆದು ಹೇಳಲು ಆಧಾರ ಸಾಲದು.

ಸುಪ್ತ ಅಂಕವನ್ನು ಪ್ರಯೋಗಾಲಯದಲ್ಲಿ ಏರಿಸಬಹುದು. ಜೋಡೀನ್ ಬ್ಯಾಕಸ್ ಮತ್ತು ಸಂಗಡಿಗರು 2004ರಲ್ಲಿ ಒಂದು ಕಂಪ್ಯೂಟರ್ ಆಟ ಆಡಿಸಿದರು. ಆಡುವವನ ಹೆಸರೋ ಹುಟ್ಟಿದ ದಿನವೋ ಬಂದಾಗಲೆಲ್ಲ ಒಂದು ನಗುಮುಖ ಮೂಡುತ್ತಿತ್ತು. ಆಟದ ನಂತರ ಸುಪ್ತ ಅಂಕ ಏರಿತ್ತು. ಅಳೆದದ್ದು ಆಟ ಮುಗಿದ ಬೆನ್ನಿಗೇ. ತಿಂಗಳ ಮಾತು ಬೇರೆ. ಆದರೆ ಇದು ಹೇಳುವ ಒಂದು ಸಂಗತಿ ಮುಖ್ಯ: ಸುಪ್ತ ಭಾವ ಬೆಳೆಯುವುದು ವಾದದಿಂದಲ್ಲ, ಜೋಡಣೆಯಿಂದ, ಪದೇ ಪದೇ ಒಟ್ಟಿಗೆ ಬರುವ ಅನುಭವಗಳಿಂದ. ಟ್ರೇಸಿ ಡಿಹಾರ್ಟ್, ಬ್ರೆಟ್ ಪೆಲ್ಹಮ್, ಹೊವರ್ಡ್ ಟೆನೆನ್ 2006ರಲ್ಲಿ ಕಂಡಂತೆ, ಅಕ್ಕರೆಯಿಂದ ಬೆಳೆಸಿದ ಮನೆಯ ಮಕ್ಕಳ ಸುಪ್ತ ಆತ್ಮಗೌರವ ಹೆಚ್ಚಿತ್ತು, ಅತಿಯಾಗಿ ಕಾಯುವ ತಂದೆತಾಯಿಯ ಮಕ್ಕಳದು ಕಡಿಮೆ. ‘ನಿನ್ನ ಕೈಲೆ ಆಗೂದಿಲ್ಲ ಬಿಡು, ನಾ ಮಾಡ್ತೀನಿ’ ಎನ್ನುವ ಪ್ರೀತಿಯೂ ಈ ಎರಡನೆಯ ಬಗೆಗೇ ಸೇರುತ್ತದೆ.

ಹಾಗಾಗಿ ಕೆಲಸ ಶುರುವಾಗಬೇಕಾದದ್ದು ನಿತ್ಯದ ಸಣ್ಣ ಜೋಡಣೆಗಳಲ್ಲಿ. ಊರಿನಿಂದ ಬರುವ ಫೋನಿನ ಮೊದಲ ಪ್ರಶ್ನೆ ‘ಎಷ್ಟ್ ಬಂತು?’ ಎಂದೇ ಇದ್ದರೆ ಮನೆ ಮತ್ತು ಅಂಕ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ವಾರದಲ್ಲಿ ಕೆಲವು ಕರೆಗಳಲ್ಲಾದರೂ ಟೆಸ್ಟಿನ ಸುದ್ದಿಯೇ ಬರದಿರಲಿ. ಉತ್ತರಪತ್ರಿಕೆಯ ಮೇಲೆ ಶಿಕ್ಷಕರು ಬರೆಯುವ ಟಿಪ್ಪಣಿ ಉತ್ತರದ ಬಗ್ಗೆ ಇರಲಿ: ‘ಎರಡನೇ ಭಾಗದಲ್ಲಿ ಉದಾಹರಣೆ ಇಲ್ಲ’ ಎಂದರೆ ತಿದ್ದಿಕೊಳ್ಳಬಹುದು, ‘ನಿನಗ ಸೀರಿಯಸ್‌ನೆಸ್ ಇಲ್ಲ’ ಎಂದರೆ ತಿದ್ದಲು ಏನೂ ಉಳಿಯುವುದಿಲ್ಲ. ಅಂಕಪಟ್ಟಿಯನ್ನು ರ್‍ಯಾಂಕಿನ ಕ್ರಮದಲ್ಲಿ ಗೋಡೆಗೆ ಅಂಟಿಸುವ, ವಾಟ್ಸಾಪ್ ಗ್ರೂಪಿಗೆ ಹಾಕುವ ಪದ್ಧತಿ ನಿಲ್ಲಲಿ. ಅಂಕ ಆಯಾ ವಿದ್ಯಾರ್ಥಿಗೆ ಮಾತ್ರ ಸಿಗಲಿ. ಓದುವವರೂ ವಾರದಲ್ಲಿ ಒಂದು ನಿಗದಿತ ಹೊತ್ತನ್ನು ಪರೀಕ್ಷೆಗೆ ಸಂಬಂಧವಿಲ್ಲದ, ಆದರೆ ಇನ್ನೊಬ್ಬರಿಗೆ ನಿಮ್ಮಿಂದ ಉಪಯೋಗವಾಗುವ ಕೆಲಸಕ್ಕೆ ಇಡಿ: ಪಕ್ಕದ ರೂಮಿನವನಿಗೆ ಇಂಗ್ಲಿಷ್ ಹೇಳಿಕೊಡುವುದಾಗಲಿ, ವಾಲಿಬಾಲ್ ತಂಡವಾಗಲಿ. ಫಲಿತಾಂಶ ಬಂದ ದಿನ ಒರಗಲು ಎರಡನೆಯ ಗೋಡೆ ಬೇಕು.

ಆನ್‌ಲೈನ್‌ನಲ್ಲಿ ಐಎಟಿ ಮಾಡಿ ಬಂದ ಅಂಕಕ್ಕೆ ಹೆದರಿದವರಿಗೆ ಒಂದು ಮಾತು. ಅದನ್ನು ರೂಪಿಸಿದ ಗ್ರೀನ್‌ವಾಲ್ಡ್, ಬಾನಾಜಿ ಮತ್ತು ಬ್ರಯಾನ್ ನೋಸೆಕ್ ಅವರೇ 2015ರಲ್ಲಿ, ಒಬ್ಬೊಬ್ಬ ವ್ಯಕ್ತಿಯನ್ನು ಇದರಿಂದ ವರ್ಗೀಕರಿಸಿದರೆ ತಪ್ಪುಗಳು ಅತಿಯಾಗುತ್ತವೆ ಎಂದು ಎಚ್ಚರಿಸಿದ್ದಾರೆ. ಇದು ಗುಂಪುಗಳ ಅಧ್ಯಯನಕ್ಕಿರುವ ಸಾಧನ.

ರೋಸೆನ್‌ಬರ್ಗ್ ಅಂಕವೂ ರೋಗನಿರ್ಣಯವಲ್ಲ, ಇಷ್ಟಕ್ಕಿಂತ ಕೆಳಗಿದ್ದರೆ ಕಾಯಿಲೆ ಎಂಬ ಒಪ್ಪಿತ ಗೆರೆ ಅದಕ್ಕಿಲ್ಲ. ಎರಡು ವಾರಕ್ಕೂ ಮೀರಿ ನಿದ್ದೆ, ಊಟ ಕೆಟ್ಟಿದ್ದರೆ, ಯಾವುದರಲ್ಲೂ ಮನಸ್ಸಿಲ್ಲದಿದ್ದರೆ ಪ್ರಶ್ನಾವಳಿ ಬದಿಗಿಟ್ಟು ವೈದ್ಯರ ಬಳಿ ಹೋಗಬೇಕು. ‘ನಾ ಇದ್ದು ಏನ್ ಉಪಯೋಗ’ ಎಂಬ ಮಾತು ಬಂದರೆ ಎರಡು ವಾರ ಕಾಯುವುದೂ ಬೇಡ. ಅಂಥವರನ್ನು ರೂಮಿನಲ್ಲಿ ಒಬ್ಬರನ್ನೇ ಬಿಡದೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಜೊತೆಗೆ ಕುಳಿತು ಕರೆ ಮಾಡಿ. ಕರೆ ಉಚಿತ, ಹಗಲು ರಾತ್ರಿ ಯಾವಾಗಲೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಅವಳಿ ನಗರದಲ್ಲಿರುವವರಿಗೆ ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆ ಇದೆ. ಗದಗ, ಹಾವೇರಿಯವರು ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗವನ್ನು ಕೇಳಿಕೊಂಡು ಹೋಗಬಹುದು.